ಎಣಿಕೆಯೂ ಜನಸೇವೆಯೂ

ಮನೆಯನ್ನು ನಡೆಸುವ ಗೃಹಿಣಿಯು ಒಲೆ ಹಚ್ಚುವ ಮೊದಲು ದಿನವೂ ಎರಡು ಲೆಕ್ಕಗಳನ್ನು ಮನಸ್ಸಿನಲ್ಲಿಯೇ ಹಾಕಿಕೊಳ್ಳುತ್ತಾಳೆ. ಈ ಹೊತ್ತು ಉಣ್ಣುವವರು ಎಷ್ಟು ಮಂದಿ? ಮಡಕೆಯಲ್ಲಿ ಉಳಿದಿರುವ ರಾಗಿ ಎಷ್ಟು? ಈ ಎರಡರಲ್ಲಿ ಯಾವುದೊಂದು ತಪ್ಪಿದರೂ ಒಬ್ಬರ ತಟ್ಟೆಯು ಬರಿದಾಗುತ್ತದೆ, ಇಲ್ಲವೆ ಮಾಡಿದ ಅಡಿಗೆಯು ಹಳಸಿಹೋಗುತ್ತದೆ. ರಾಜ್ಯವೆಂಬುದು ಕೋಟ್ಯಂತರ ಜನರ ಸಂಸಾರ. ಅದನ್ನು ನಡೆಸುವವರಿಗೂ ಇದೇ ಎರಡು ಪ್ರಶ್ನೆಗಳು: ಜನರು ಎಷ್ಟು, ಅವರಿಗೆ ಬೇಕಾದುದು ಎಷ್ಟು? ಗೃಹಿಣಿಗೆ ಉಣ್ಣುವವರ ಮುಖಗಳು ಎದುರಿಗೇ ಕಾಣುತ್ತವೆ, ಸರಕಾರಕ್ಕೆ ಕಾಣುವುದಿಲ್ಲ. ಅದಕ್ಕೆ ನಾವು ಕಾಣಿಸುವುದು ಅಂಕಿಗಳ ಮೂಲಕ.

ಈಚಿನ ವರ್ಷಗಳಲ್ಲಿ ವೃತ್ತಪತ್ರಿಕೆಗಳಲ್ಲಿ ‘ಡೇಟಾ ಅನಲಿಟಿಕ್ಸ್’ ಎಂಬ ಮಾತು ಪದೇ ಪದೇ ಕಾಣಬರುತ್ತದೆ. ಕನ್ನಡದಲ್ಲಿ ಇದನ್ನು ದತ್ತಾಂಶ ವಿಶ್ಲೇಷಣೆ ಎನ್ನುತ್ತಾರೆ. ಹೆಸರು ಹೊಸದು, ಕಾರ್ಯವು ಹಳೆಯದು. ಜನರ ಬಾಳಿಗೆ ಸಂಬಂಧಿಸಿದ ಸಂಗತಿಗಳನ್ನು ಅಂಕಿಗಳ ರೂಪದಲ್ಲಿ ಕೂಡಿಟ್ಟು, ಒಂದರೊಡನೆ ಮತ್ತೊಂದನ್ನು ಹೋಲಿಸಿ, ಎಲ್ಲಿ ಕೊರತೆಯಿದೆ, ಅದಕ್ಕೆ ಕಾರಣವೇನಿರಬಹುದು, ಯಾವ ಉಪಾಯದಿಂದ ಅದು ನೀಗೀತು ಎಂಬುದನ್ನು ಕಂಡುಕೊಳ್ಳುವುದೇ ಈ ವಿಶ್ಲೇಷಣೆ. ಹಿಂದೆ ಗುಮಾಸ್ತರು ತಿಂಗಳುಗಟ್ಟಲೆ ಕುಳಿತು ಮಾಡುತ್ತಿದ್ದ ಲೆಕ್ಕವನ್ನು ಇಂದು ಗಣಕಯಂತ್ರವು ಕ್ಷಣಾರ್ಧದಲ್ಲಿ ಮಾಡಿ ಮುಗಿಸುತ್ತದೆ. ಸರಕಾರಗಳು ಈ ಸಾಧನವನ್ನು ಜನಸೇವೆಗೆ ಹೇಗೆ ಬಳಸುತ್ತವೆ, ನಮ್ಮ ಸೇಲಂ-ಧರ್ಮಪುರಿ ಸೀಮೆಯ ಅನುಭವವು ಈ ವಿಷಯದಲ್ಲಿ ಏನನ್ನು ಕಲಿಸುತ್ತದೆ, ಇದರಲ್ಲಿ ನಮ್ಮ ನಿಮ್ಮ ಪಾಲೇನು ಎಂಬುದನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ತೆಗೆದುಕೊಳ್ಳುವ ಎಣಿಕೆ

ಪ್ರಜೆಗಳನ್ನು ಎಣಿಸುವ ಪದ್ಧತಿಯು ನಮ್ಮ ದೇಶಕ್ಕೆ ಪರಕೀಯವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಗೋಪ’ನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಐದು ಅಥವಾ ಹತ್ತು ಗ್ರಾಮಗಳ ಮನೆಗಳನ್ನೂ, ಅವುಗಳಲ್ಲಿ ವಾಸಿಸುವ ಜನರನ್ನೂ, ಅವರ ಕಸುಬನ್ನೂ, ದನಕರುಗಳನ್ನೂ ಬರೆದಿಡುವುದು ಆತನ ಕೆಲಸ. ಆದರೆ ಅಂದಿನ ಎಣಿಕೆಯ ಮುಖ್ಯ ಗುರಿಯು ಕಂದಾಯ. ಯಾರಿಂದ ಎಷ್ಟು ತೆಗೆದುಕೊಳ್ಳಬಹುದು ಎಂದು ತಿಳಿಯುವುದಕ್ಕಾಗಿಯೇ ರಾಜರು ಎಣಿಸುತ್ತಿದ್ದರು.

ಇಂಥ ಎಣಿಕೆಯ ಒಂದು ಪ್ರಸಿದ್ಧ ಅಧ್ಯಾಯವು ನಮ್ಮ ಸೀಮೆಯಲ್ಲಿಯೇ ನಡೆಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಬಾರಾಮಹಲ್ ಮತ್ತು ಸೇಲಂ ಪ್ರಾಂತಗಳನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಡಬೇಕಾಯಿತು. ಅಲೆಕ್ಸಾಂಡರ್ ರೀಡ್ ಎಂಬ ಸೇನಾಧಿಕಾರಿಯು ಇದರ ಆಡಳಿತಕ್ಕೆ ನೇಮಕಗೊಂಡನು. ಆತನ ಕೈಕೆಳಗಿದ್ದ ಸಹಾಯಕರಲ್ಲಿ ಮುಂದೆ ಮದರಾಸಿನ ಗವರ್ನರನಾದ ಥಾಮಸ್ ಮನ್ರೋ ಒಬ್ಬನು. ಇವರು 1799ರವರೆಗೆ ಇಲ್ಲಿದ್ದು, ಹೊಲ ಹೊಲವನ್ನೂ ಅಳೆಸಿ, ಮಣ್ಣಿನ ಗುಣವನ್ನೂ ಬೆಳೆಯನ್ನೂ ಸಾಗುವಳಿದಾರನ ಹೆಸರನ್ನೂ ಬರೆಯಿಸಿದರು. ರೈತವಾರಿ ಪದ್ಧತಿಯೆಂದು ಹೆಸರಾದ ಕಂದಾಯ ಕ್ರಮಕ್ಕೆ ಅಡಿಗಲ್ಲು ಬಿದ್ದುದು ಈ ನೆಲದಲ್ಲಿ. ಇಂದು ನಮ್ಮ ಜಮೀನಿಗೆ ಸರ್ವೆ ನಂಬರು ಇರುವುದರ ಹಿಂದೆ ಈ ಇತಿಹಾಸವಿದೆ.

ಹೊಲಗಳನ್ನು ಇಷ್ಟು ನಿಖರವಾಗಿ ಅಳೆದ ಆಡಳಿತವು, ಆ ಹೊಲಗಳಲ್ಲಿ ದುಡಿಯುವವರ ಹಸಿವನ್ನು ಅಳೆಯಲು ಮಾತ್ರ ಬಹುಕಾಲ ಕಲಿಯಲಿಲ್ಲ. 1871ರಲ್ಲಿ ಮದರಾಸು ಪ್ರಾಂತದ ಜನಗಣತಿಯಾದಾಗ ಸೇಲಂ ಜಿಲ್ಲೆಯ ಜನಸಂಖ್ಯೆಯು ಸುಮಾರು 19 ಲಕ್ಷ 67 ಸಾವಿರ. ಇಂದಿನ ಧರ್ಮಪುರಿ, ಕೃಷ್ಣಗಿರಿಗಳೂ ಆಗ ಸೇಲಂ ಜಿಲ್ಲೆಗೇ ಸೇರಿದ್ದವು. 1876ರಿಂದ 1878ರವರೆಗೆ ದಕ್ಷಿಣ ದೇಶವನ್ನು ಘೋರ ಕ್ಷಾಮವು ಆವರಿಸಿತು. 1881ರಲ್ಲಿ ಮತ್ತೆ ಎಣಿಸಿದಾಗ ಅದೇ ಜಿಲ್ಲೆಯಲ್ಲಿ ಉಳಿದಿದ್ದವರು ಸುಮಾರು 16 ಲಕ್ಷ. ಹತ್ತು ವರ್ಷಗಳಲ್ಲಿ ಏರಬೇಕಾಗಿದ್ದ ಸಂಖ್ಯೆಯು ಮೂರೂವರೆ ಲಕ್ಷಕ್ಕಿಂತಲೂ ಹೆಚ್ಚು ಇಳಿದಿದ್ದಿತು. ಸತ್ತವರ ಹೆಸರುಗಳನ್ನು ಯಾವ ಪುಸ್ತಕವೂ ಪೂರ್ತಿಯಾಗಿ ಹೇಳುವುದಿಲ್ಲ. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ಅವರ ಪಾಲಿನ ಸಾಕ್ಷಿ.

ಕೊಡುವ ಎಣಿಕೆ

ಈ ಮಹಾ ದುರಂತದ ಬಳಿಕ 1880ರಲ್ಲಿ ಕ್ಷಾಮ ಆಯೋಗವು ವರದಿಯನ್ನು ಒಪ್ಪಿಸಿತು. ಅದರ ಫಲವಾಗಿ ಕ್ಷಾಮ ಸಂಹಿತೆಗಳು ರಚಿತವಾದವು. ಮಳೆಯು ತಪ್ಪಿದೆಯೆ, ಧಾನ್ಯದ ಬೆಲೆಯು ಅಸಹಜವಾಗಿ ಏರುತ್ತಿದೆಯೆ, ಜನರು ಊರು ಬಿಟ್ಟು ಅಲೆಯತೊಡಗಿದ್ದಾರೆಯೆ ಎಂಬ ಚಿಹ್ನೆಗಳನ್ನು ಗಮನಿಸಿ, ಹಸಿವು ಮನೆಯನ್ನು ಹೊಗುವ ಮೊದಲೇ ಪರಿಹಾರ ಕಾಮಗಾರಿಗಳನ್ನು ತೆರೆಯಬೇಕೆಂಬುದು ಅವುಗಳ ತಾತ್ಪರ್ಯ. ಅಂಕಿಯು ಕಂದಾಯದ ಪುಸ್ತಕದಿಂದ ಹೊರಬಂದು ಜೀವರಕ್ಷಣೆಯ ಸಾಧನವಾಗತೊಡಗಿದುದು ಹೀಗೆ.

ಸ್ವತಂತ್ರ ಭಾರತದಲ್ಲಿ ಈ ‘ಕೊಡುವ ಎಣಿಕೆ’ಯ ಕ್ಷೇತ್ರವು ಬಹಳ ವಿಸ್ತಾರವಾಗಿದೆ. ಸರಕಾರದ ಅನೇಕ ಸೌಕರ್ಯಗಳು ಒಂದೊಂದು ಅಂಕಿಗೆ ಕಟ್ಟಿಹಾಕಲ್ಪಟ್ಟಿವೆ. ಬಯಲು ಪ್ರದೇಶದಲ್ಲಿ 30,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ಒಂದು ಪ್ರಮಾಣ. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರಿನ ನಡಿಗೆಯೊಳಗೆ ಶಾಲೆಯಿರಬೇಕೆಂಬುದು 2010ರ ಶಿಕ್ಷಣ ಹಕ್ಕಿನ ನಿಯಮ. 2000ನೆಯ ಇಸವಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ, ಬಯಲು ಸೀಮೆಯ ಊರಿಗೆ ರಸ್ತೆ ದೊರೆಯಲು 500 ಜನರಿರಬೇಕು. ಗುಡ್ಡಗಾಡು ರಾಜ್ಯಗಳೇ ಮೊದಲಾದ ವಿಶೇಷ ಪ್ರದೇಶಗಳಲ್ಲಿ 250 ಜನರಿದ್ದರೆ ಸಾಕು. ಊರು ಬೆಟ್ಟದ ಮೇಲಿದ್ದ ಮಾತ್ರಕ್ಕೆ ಆ ರಾಜ್ಯವು ಗುಡ್ಡಗಾಡು ರಾಜ್ಯವೆನಿಸುವುದಿಲ್ಲ. ತಮಿಳುನಾಡು ಆ ಪಟ್ಟಿಯಲ್ಲಿ ಇಲ್ಲ. ಪಾಲಮಲೆಯಂಥ ಬೆಟ್ಟದ ಮೇಲೆ ಚದರಿರುವ ಚಿಕ್ಕ ಚಿಕ್ಕ ಊರುಗಳ ನಿವಾಸಿಗಳಿಗೆ, ಒಬ್ಬನನ್ನು ಎಣಿಸುವುದೂ ಬಿಡುವುದೂ ಎಷ್ಟು ದೊಡ್ಡ ಸಂಗತಿಯೆಂದು ಇದರಿಂದ ತಿಳಿಯಬಹುದು. 2024ರಲ್ಲಿ ಮಂಜೂರಾದ ಈ ಯೋಜನೆಯ ನಾಲ್ಕನೆಯ ಹಂತವೂ 2011ರ ಜನಗಣತಿಯ ಅಂಕಿಗಳನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಒಂದು ದಿನ ಬಾಗಿಲಿಗೆ ಬಂದು ಬರೆದುಕೊಂಡು ಹೋದ ಸಂಖ್ಯೆಯು ಹದಿಮೂರು ವರ್ಷಗಳ ಮೇಲೂ ಊರಿನ ಹಣೆಬರಹವನ್ನು ನಿರ್ಧರಿಸುತ್ತದೆ.

ವಿಶ್ಲೇಷಣೆಯ ಕ್ರಮ

ಅಂಕಿಗಳನ್ನು ಕೂಡಿಟ್ಟ ಮಾತ್ರಕ್ಕೆ ಪ್ರಯೋಜನವಿಲ್ಲ. ಅವುಗಳನ್ನು ಓದುವ ಕ್ರಮವೊಂದುಂಟು. ವಿದ್ಯಾರ್ಥಿಗಳು ಇದನ್ನು ತಮ್ಮ ತರಗತಿಯ ಹಾಜರಿ ಪುಸ್ತಕದಿಂದಲೇ ತಿಳಿಯಬಹುದು.

ಒಂದು ತರಗತಿಯಲ್ಲಿ 40 ಮಕ್ಕಳಿರುವರೆಂದು ಊಹಿಸಿಕೊಳ್ಳೋಣ. ಒಂದು ವಾರದ ಹಾಜರಿಯು ಸೋಮವಾರ 37, ಮಂಗಳವಾರ 36, ಬುಧವಾರ 22, ಗುರುವಾರ 37, ಶುಕ್ರವಾರ 38. ಒಟ್ಟು 170, ಸರಾಸರಿ 34. ನೂರಕ್ಕೆ 85 ಹಾಜರಿಯೆಂದು ವರದಿ ಬರೆದರೆ ಮೇಲಧಿಕಾರಿಯು ತೃಪ್ತಿಪಟ್ಟು ಸುಮ್ಮನಾಗಬಹುದು. ಆದರೆ ದಿನದಿನದ ಅಂಕಿಗಳನ್ನು ಹೋಲಿಸಿ ನೋಡಿದವನಿಗೆ ಬುಧವಾರದ ಹಳ್ಳವು ಕಣ್ಣಿಗೆ ಬೀಳುತ್ತದೆ. ಆ ದಿನ ಬಾರದ 18 ಮಂದಿಯಲ್ಲಿ 14 ಮಂದಿ ಹುಡುಗಿಯರೆಂದು ತಿಳಿದರೆ ಸಂದೇಹವು ಇನ್ನೂ ಗಟ್ಟಿಯಾಗುತ್ತದೆ. ಮನೆಗಳಿಗೆ ಹೋಗಿ ಕೇಳಿದಾಗ, ಬುಧವಾರ ಸಂತೆಯೆಂದೂ, ತಾಯಂದಿರು ಸಂತೆಗೆ ಹೋದಾಗ ಕೂಸುಗಳನ್ನು ನೋಡಿಕೊಳ್ಳಲು ಅಕ್ಕಂದಿರು ಮನೆಯಲ್ಲಿ ನಿಲ್ಲುವರೆಂದೂ ಗೊತ್ತಾಗುತ್ತದೆ. ಈಗ ಪರಿಹಾರವು ತಾನಾಗಿಯೇ ತೋರುತ್ತದೆ: ಆ ಒಂದು ದಿನ ಅಂಗನವಾಡಿಯಲ್ಲಿ ಕೂಸುಗಳನ್ನು ಸಂಜೆಯವರೆಗೆ ಇಟ್ಟುಕೊಂಡರೆ ಹುಡುಗಿಯರು ಶಾಲೆಗೆ ಬರುತ್ತಾರೆ. ದಂಡ ಹಾಕಿದ್ದರೆ ಬರುತ್ತಿರಲಿಲ್ಲ.

ಈ ಸಣ್ಣ ಉದಾಹರಣೆಯಲ್ಲಿ ವಿಶ್ಲೇಷಣೆಯ ನಾಲ್ಕು ಮೆಟ್ಟಿಲುಗಳೂ ಅಡಗಿವೆ. ಮೊದಲನೆಯದು ಸಂಗ್ರಹ: ಹಾಜರಿಯನ್ನು ದಿನವೂ ಸತ್ಯವಾಗಿ ಬರೆಯುವುದು. ಎರಡನೆಯದು ಶೋಧನೆ: ತಪ್ಪಾಗಿಯೋ ಎರಡು ಸಲವೋ ಬರೆದುದನ್ನು ತಿದ್ದುವುದು. ಮೂರನೆಯದು ಹೋಲಿಕೆ: ದಿನದೊಡನೆ ದಿನವನ್ನು, ಹುಡುಗರೊಡನೆ ಹುಡುಗಿಯರನ್ನು, ಊರಿನೊಡನೆ ಊರನ್ನು ಇಟ್ಟು ನೋಡುವುದು. ನಾಲ್ಕನೆಯದು ವಿಚಾರಣೆ: ಅಂಕಿಯು ತೋರಿಸಿದ ಮನೆಗೆ ಹೋಗಿ ಕಾರಣವನ್ನು ಕೇಳುವುದು. ಮೊದಲ ಮೂರು ಮೆಟ್ಟಿಲುಗಳಲ್ಲಿ ಗಣಕಯಂತ್ರವು ನೆರವಾಗುತ್ತದೆ. ನಾಲ್ಕನೆಯದಕ್ಕೆ ಮನುಷ್ಯನೇ ಬೇಕು.

ಜಗತ್ತಿನ ಇತಿಹಾಸದಲ್ಲಿ ಈ ಕ್ರಮಕ್ಕೆ ಪ್ರಸಿದ್ಧ ನಿದರ್ಶನವೊಂದು ಲಂಡನ್ ನಗರದ್ದು. 1854ರಲ್ಲಿ ಅಲ್ಲಿನ ಸೋಹೊ ಎಂಬ ಭಾಗದಲ್ಲಿ ವಾಂತಿಭೇದಿಯು ಹಬ್ಬಿ, ನೂರಾರು ಜನರು ಕೆಲವೇ ದಿನಗಳಲ್ಲಿ ಮಡಿದರು. ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಆಗಿನ ವಿದ್ವಾಂಸರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ವಿಚಾರಿಸಿ, ನಕ್ಷೆಯ ಮೇಲೆ ಗುರುತು ಮಾಡಿದನು. ಗುರುತುಗಳೆಲ್ಲ ಬ್ರಾಡ್ ಬೀದಿಯ ಒಂದು ನೀರಿನ ಪಂಪಿನ ಸುತ್ತಲೂ ಮುತ್ತಿಕೊಂಡಿದ್ದವು. ಆತನ ಮಾತಿನಂತೆ ಪಂಪಿನ ಹಿಡಿಯನ್ನು ಕಳಚಿಹಾಕಲಾಯಿತು. ರೋಗವು ಕೆಟ್ಟ ನೀರಿನಿಂದ ಬರುತ್ತದೆಂಬುದಕ್ಕೆ ಆ ನಕ್ಷೆಯು ಬಲವಾದ ಆಧಾರವಾಯಿತು.

ಎಲ್ಲರನ್ನೂ ಎಣಿಸುವುದು ಸಾಧ್ಯವಾಗದಿದ್ದಾಗ ಮಾದರಿ ಸಮೀಕ್ಷೆಯೆಂಬ ಉಪಾಯವಿದೆ. ಅನ್ನವು ಬೆಂದಿತೆ ಎಂದು ನೋಡಲು ಒಂದು ಅಗುಳನ್ನು ಹಿಚುಕಿದರೆ ಸಾಕು. ಆದರೆ ಪಾತ್ರೆಯನ್ನು ಚೆನ್ನಾಗಿ ತೊಳಸಿ ಆ ಅಗುಳನ್ನು ತೆಗೆಯಬೇಕು. ಪಿ. ಸಿ. ಮಹಾಲನೋಬಿಸ್ ಅವರು ಇದನ್ನು ಶಾಸ್ತ್ರವಾಗಿ ಬೆಳೆಸಿದರು. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದವರೂ, 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೆ ಪ್ರೇರಕರಾದವರೂ ಅವರೇ. ಅದೇ ಸಂಸ್ಥೆಯಲ್ಲಿ ಬಾಳಿನ ಬಹುಭಾಗವನ್ನು ಕಳೆದು ವಿಶ್ವವಿಖ್ಯಾತರಾದ ಸಿ. ಆರ್. ರಾವ್ ಅವರು 1920ರಲ್ಲಿ ಜನಿಸಿದುದು ಕನ್ನಡ ನಾಡಿನ ಹೂವಿನ ಹಡಗಲಿಯಲ್ಲಿ. ಗಣಿತವು ಕಷ್ಟವೆಂದು ಪುಸ್ತಕವನ್ನು ಮುಚ್ಚುವ ವಿದ್ಯಾರ್ಥಿಗಳು ಇವರನ್ನು ನೆನೆಯಬೇಕು.

ನಮ್ಮ ಸೀಮೆಯ ಹೆಣ್ಣುಮಕ್ಕಳು

ಅಂಕಿಯು ಜೀವವನ್ನು ಉಳಿಸಬಲ್ಲುದೆಂಬುದಕ್ಕೆ ದೂರದ ಲಂಡನ್ನಿಗೆ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಗಳಲ್ಲಿಯೇ ಒಂದು ನಿದರ್ಶನವುಂಟು. ಅದು ಹೇಳಲು ನೋವಾಗುವ ಸಂಗತಿ; ಆದರೆ ಹೇಳದೆ ಬಿಡುವುದು ಸರಿಯಲ್ಲ.

ಪ್ರಕೃತಿಯ ನಿಯಮದಂತೆ ಸಾವಿರ ಗಂಡು ಶಿಶುಗಳಿಗೆ ಸುಮಾರು 950 ಹೆಣ್ಣು ಶಿಶುಗಳು ಹುಟ್ಟುತ್ತವೆ. 1991ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಮಕ್ಕಳನ್ನು ಎಣಿಸಿದಾಗ, ತಮಿಳುನಾಡಿನಲ್ಲಿ ಸಾವಿರ ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳಿದ್ದರು. ರಾಜ್ಯದ ಸರಾಸರಿಯನ್ನು ಮಾತ್ರ ನೋಡಿದವರಿಗೆ ಯಾವ ಅನುಮಾನವೂ ಬರುವಂತಿರಲಿಲ್ಲ. ಆದರೆ ಜಿಲ್ಲೆಗಳ ಅಂಕಿಗಳನ್ನು ಬೇರೆ ಬೇರೆಯಾಗಿ ಇಟ್ಟಾಗ ಸೇಲಂ ಜಿಲ್ಲೆಯ ಸಂಖ್ಯೆಯು 850ನ್ನೂ ಮುಟ್ಟಿರಲಿಲ್ಲ. ಸಾವಿರ ಗಂಡುಮಕ್ಕಳ ಎದುರಿಗೆ ಸುಮಾರು ನೂರು ಹೆಣ್ಣುಮಕ್ಕಳು ಕಡಿಮೆ. ಅವರೆಲ್ಲ ಎಲ್ಲಿ ಹೋದರು? ಹೆಣ್ಣುಕೂಸೆಂಬ ಒಂದೇ ಕಾರಣಕ್ಕೆ ಹುಟ್ಟಿದ ಕೆಲವೇ ದಿನಗಳಲ್ಲಿ ಅವುಗಳ ಬಾಳನ್ನು ಮುಗಿಸುವ ಪಾಪಕೃತ್ಯವು ಕೆಲವು ಊರುಗಳಲ್ಲಿ ನಡೆಯುತ್ತಿದ್ದಿತು. ಅಕ್ಕಪಕ್ಕದವರಿಗೆ ಗೊತ್ತಿದ್ದೂ ಯಾರೂ ಬಾಯಿಬಿಟ್ಟು ಹೇಳದಿದ್ದುದನ್ನು ಎಣಿಕೆಯ ಪುಸ್ತಕವು ಹೇಳಿತು.

1992ರಲ್ಲಿ ರಾಜ್ಯ ಸರಕಾರವು ಸೇಲಂ ಜಿಲ್ಲೆಯಲ್ಲಿ ‘ತೊಟ್ಟಿಲು ಮಗು’ ಯೋಜನೆಯನ್ನು ಆರಂಭಿಸಿತು. ಸಾಕಲು ಒಲ್ಲದವರು ಕೂಸನ್ನು ಕೊಲ್ಲದೆ ಸರಕಾರದ ತೊಟ್ಟಿಲಲ್ಲಿ ಬಿಟ್ಟುಹೋದರೆ, ಸರಕಾರವೇ ಅದನ್ನು ಪೋಷಿಸಿ ದತ್ತು ಕೊಡುವ ಏರ್ಪಾಡು ಇದು. 2001ರಲ್ಲಿ ಇದನ್ನು ಧರ್ಮಪುರಿಯೇ ಮೊದಲಾದ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ತೊಟ್ಟಿಲನ್ನು ಇಟ್ಟರೆ ಹೆತ್ತವರು ಹೆಣ್ಣುಕೂಸನ್ನು ತೊರೆಯುವುದು ಸುಲಭವಾಗುವುದಿಲ್ಲವೆ ಎಂದು ಆಕ್ಷೇಪಿಸಿದವರೂ ಉಂಟು. ಆ ಪ್ರಶ್ನೆಯು ಸಣ್ಣದಲ್ಲ. ಆದರೂ ತೊಟ್ಟಿಲಲ್ಲಿ ಉಳಿದ ಕೂಸು ಬದುಕಿ ಉಳಿಯಿತು.

ಇದಕ್ಕಿಂತಲೂ ಆಳವಾದ ಕೆಲಸವೊಂದು 1990ರ ದಶಕದ ಕೊನೆಯಲ್ಲಿ ಧರ್ಮಪುರಿ ಜಿಲ್ಲೆಯಲ್ಲಿ ನಡೆಯಿತು. ಗ್ರಾಮ ಆರೋಗ್ಯ ದಾದಿಯರು ಬರೆದಿಟ್ಟಿದ್ದ ಜನನ ಮರಣಗಳ ದಾಖಲೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಟ್ಟದಲ್ಲಿ ಬಿಡಿಸಿ ನೋಡಲಾಯಿತು. ಅನರ್ಥವು ಜಿಲ್ಲೆಯುದ್ದಕ್ಕೂ ಸಮನಾಗಿ ಹರಡಿರದೆ ಕೆಲವು ಭಾಗಗಳಲ್ಲಿ ದಟ್ಟವಾಗಿತ್ತೆಂದೂ, ಮನೆಯಲ್ಲಿ ಆಗಲೇ ಹೆಣ್ಣುಮಗುವಿದ್ದು ಮತ್ತೊಂದು ಹೆಣ್ಣು ಹುಟ್ಟಿದಾಗ ಅಪಾಯವು ಹೆಚ್ಚೆಂದೂ ತಿಳಿದುಬಂದಿತು. ಎಲ್ಲಿಗೆ ಹೋಗಬೇಕು, ಯಾರೊಡನೆ ಮಾತಾಡಬೇಕು ಎಂಬುದು ಸ್ಪಷ್ಟವಾಯಿತು. ಡೆನ್ಮಾರ್ಕ್ ದೇಶದ ನೆರವಿನಿಂದ ನಡೆಯುತ್ತಿದ್ದ ಆರೋಗ್ಯ ಯೋಜನೆಯ ಆಶ್ರಯದಲ್ಲಿ ಕಲಾತಂಡಗಳು ಹಳ್ಳಿಗಳಿಗೆ ಹೋಗಿ ಬೀದಿನಾಟಕಗಳನ್ನು ಆಡಿದವು. ಹೆಣ್ಣುಕೂಸಿನ ಅಳಲನ್ನು ಊರ ನಡುವೆ ಎಲ್ಲರೂ ಕುಳಿತು ಕೇಳಬೇಕಾಯಿತು. ಅಂಕಿಯಿಂದ ಆರಂಭವಾದುದು ಹಾಡಾಗಿ, ನಾಟಕವಾಗಿ ಜನರ ಹೃದಯವನ್ನು ಸೇರಿತು. ದತ್ತಾಂಶ ವಿಶ್ಲೇಷಣೆಯ ಉತ್ತಮ ಫಲವೆಂದರೆ ಇದು.

2001ರ ಗಣತಿಯಲ್ಲಿ ಸೇಲಂ ಜಿಲ್ಲೆಯ ಸಂಖ್ಯೆಯು 851, ಇಂದಿನ ಧರ್ಮಪುರಿ ಜಿಲ್ಲೆಯ ಭಾಗದಲ್ಲಿ 826. 2011ರಲ್ಲಿ ಎರಡೂ ಜಿಲ್ಲೆಗಳು 900ನ್ನು ದಾಟಿದವು. ಇದಕ್ಕೆ ತೊಟ್ಟಿಲು ಕಾರಣವೋ, ನಾಟಕವೋ, ಭ್ರೂಣಲಿಂಗ ಪರೀಕ್ಷೆಯನ್ನು ನಿಷೇಧಿಸಿದ 1994ರ ಕಾನೂನೋ, ಹೆಣ್ಣುಮಕ್ಕಳ ವಿದ್ಯಾಭ್ಯಾಸವೋ? ಎಲ್ಲವೂ ಕೂಡಿ ಆಗಿರಬಹುದು. ಎರಡು ಸಂಗತಿಗಳು ಒಂದೇ ಕಾಲದಲ್ಲಿ ನಡೆದವೆಂದು ಒಂದನ್ನು ಮತ್ತೊಂದರ ಕಾರಣವೆಂದು ಹೇಳಿಬಿಡಬಾರದೆಂಬುದು ಸಂಖ್ಯಾಶಾಸ್ತ್ರದ ಮುಖ್ಯ ಪಾಠ. 900 ಎಂಬುದು ಇನ್ನೂ 950 ಅಲ್ಲವೆಂಬುದನ್ನೂ ನಾವು ಮರೆಯಬಾರದು.

ನದಿ, ನೆಲ, ಆರೋಗ್ಯ

ಇನ್ನು ಕೆಲವು ಉದಾಹರಣೆಗಳನ್ನು ಸಂಕ್ಷೇಪವಾಗಿ ನೋಡೋಣ. ಕಾವೇರಿಯು ಕರ್ನಾಟಕದಿಂದ ತಮಿಳುನಾಡಿಗೆ ಬರುವಲ್ಲಿ, ಹೊಗೇನಕಲ್ಲಿನ ಮೇಲ್ಭಾಗದಲ್ಲಿ ಬಿಳಿಗುಂಡ್ಲು ಎಂಬ ಸ್ಥಳವಿದೆ. ಅಲ್ಲಿ ಕೇಂದ್ರ ಜಲ ಆಯೋಗದವರು ನದಿಯ ನೀರನ್ನು ದಿನವೂ ಅಳೆಯುತ್ತಾರೆ. 1934ರಲ್ಲಿ ಪೂರ್ಣಗೊಂಡ ಮೇಟ್ಟೂರು ಅಣೆಕಟ್ಟಿನ ಪೂರ್ಣ ಮಟ್ಟವು 120 ಅಡಿ. ಮೇಲಿನಿಂದ ಎಷ್ಟು ನೀರು ಬರುತ್ತಿದೆಯೆಂದು ಮೊದಲೇ ತಿಳಿದರೆ, ಎಷ್ಟನ್ನು ಹಿಡಿದಿಡಬೇಕು, ಎಷ್ಟನ್ನು ಬಿಡಬೇಕು, ನದಿಯ ದಡದವರಿಗೆ ಯಾವಾಗ ಎಚ್ಚರಿಕೆ ಕೊಡಬೇಕು ಎಂಬುದನ್ನು ನಿರ್ಣಯಿಸಬಹುದು. 2018ರಲ್ಲಿ ಸುಪ್ರೀಂ ಕೋರ್ಟು ಕಾವೇರಿ ವಿವಾದದಲ್ಲಿ ತೀರ್ಪು ಕೊಟ್ಟಾಗ, ವರ್ಷಕ್ಕೆ 177.25 ಟಿ.ಎಂ.ಸಿ. ನೀರನ್ನು ಬಿಳಿಗುಂಡ್ಲುವಿನ ಅಳತೆಯಂತೆ ಬಿಡಬೇಕೆಂದಿತು. ನೆರೆಹೊರೆಯವರ ವ್ಯಾಜ್ಯದಲ್ಲಿಯೂ ಇಬ್ಬರೂ ನಂಬುವ ಒಂದು ಅಳತೆಗೋಲು ಬೇಕು.

ಕರ್ನಾಟಕ ಸರಕಾರವು ಈ ಶತಮಾನದ ಆರಂಭದಲ್ಲಿ ‘ಭೂಮಿ’ ಎಂಬ ಯೋಜನೆಯಿಂದ ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ಮೊದಲು ಗ್ರಾಮ ಲೆಕ್ಕಿಗನ ಕೈಯಲ್ಲಿದ್ದ ಪಹಣಿಯು ತಾಲ್ಲೂಕು ಕಚೇರಿಯಲ್ಲಿ ಗೊತ್ತಾದ ಶುಲ್ಕಕ್ಕೆ ರೈತನಿಗೆ ದೊರೆಯುವಂತಾಯಿತು. ಮನ್ರೋ ಕಾಲದಲ್ಲಿ ಕಂದಾಯಕ್ಕಾಗಿ ಬರೆದಿಟ್ಟಂಥ ಪುಸ್ತಕವು ಹೀಗೆ ರೈತನ ಹಕ್ಕಿನ ಪತ್ರವಾಯಿತು.

2021ರ ಆಗಸ್ಟ್ 5ರಂದು ತಮಿಳುನಾಡು ಸರಕಾರವು ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭಿಸಿತು. ಜನರನ್ನು ಹುಡುಕಿಕೊಂಡು ಬರುವ ವೈದ್ಯವೆಂದು ಈ ಹೆಸರಿನ ಅರ್ಥ. ಕಾರ್ಯಕರ್ತೆಯರು ಮನೆಮನೆಗೆ ಹೋಗಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿ, ರೋಗಿಗಳಿಗೆ ಔಷಧವನ್ನು ಬಾಗಿಲಿಗೇ ತಲಪಿಸುತ್ತಾರೆ. ಯಾರಿಗೆ ಯಾವ ಔಷಧ, ಮುಂದಿನದು ಯಾವಾಗ ಎಂಬ ದಾಖಲೆಯಿಲ್ಲದೆ ಇಂಥ ಕೆಲಸವು ಒಂದು ದಿನವೂ ನಡೆಯದು.

ಮಾತೃಭಾಷೆಯ ಅಂಕಣ

ಕನ್ನಡ ಶಾಲೆಯವರಾದ ನಮಗೆ ಅಂಕಿಗಳೊಡನೆ ಇನ್ನೂ ಹತ್ತಿರದ ನಂಟುಂಟು. ಜನಗಣತಿಯ ಪಟ್ಟಿಯಲ್ಲಿ ಮಾತೃಭಾಷೆಗೆ ಒಂದು ಅಂಕಣವಿದೆ. 2011ರ ಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ಸುಮಾರು 12 ಲಕ್ಷ 86 ಸಾವಿರ. ಈ ಸಂಖ್ಯೆಯು ಹೆಮ್ಮೆಗಾಗಿ ಹೇಳಿಕೊಳ್ಳುವಂಥದು ಮಾತ್ರವಲ್ಲ. 1949ರಲ್ಲಿ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಂದು ಸೂತ್ರವನ್ನು ಒಪ್ಪಿತು: ಶಾಲೆಯಲ್ಲಿ ಒಂದು ಭಾಷೆಯ 40 ಮಕ್ಕಳು, ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ, ಪ್ರಾಥಮಿಕ ಹಂತದಲ್ಲಿ ಅವರಿಗೆ ಮಾತೃಭಾಷೆಯಲ್ಲಿ ಪಾಠ ಹೇಳುವ ಏರ್ಪಾಡಿರಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿಸಿದ 350ಎ ವಿಧಿಯು ಮಾತೃಭಾಷೆಯ ಪ್ರಾಥಮಿಕ ಶಿಕ್ಷಣವನ್ನು ರಾಜ್ಯಗಳ ಕರ್ತವ್ಯವಾಗಿಸಿತು. ಜಿಲ್ಲೆ ಅಥವಾ ತಾಲ್ಲೂಕಿನಲ್ಲಿ ನೂರಕ್ಕೆ 15ರಿಂದ 20ರಷ್ಟು ಅಲ್ಪಸಂಖ್ಯಾತ ಭಾಷಿಕರಿದ್ದರೆ ಸರಕಾರದ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಹೊರಡಬೇಕೆಂದು ಅದೇ ವರ್ಷದ ಕೇಂದ್ರ ಸರಕಾರದ ಜ್ಞಾಪನಪತ್ರವು ಹೇಳಿತು. ಇವೆಲ್ಲವೂ ಸಂಖ್ಯೆಯ ಮೇಲೆ ನಿಂತ ಹಕ್ಕುಗಳು.

ಬಾಗಿಲಿಗೆ ಬಂದ ಗಣತಿದಾರನೊಡನೆ ಬೀದಿಯ ಭಾಷೆಯಲ್ಲಿ ಮಾತಾಡುತ್ತ ಅದನ್ನೇ ಮಾತೃಭಾಷೆಯೆಂದು ಬರೆಯಿಸುವವರಿದ್ದಾರೆ. ಭಾಷೆ ಯಾವುದೆಂದರೆ ಜಾತಿಯ ಹೆಸರನ್ನು ಹೇಳುವವರೂ ಇದ್ದಾರೆ. 2011ರಲ್ಲಿ ದೇಶದ ಜನರು ಮಾತೃಭಾಷೆಯೆಂದು ಬರೆಯಿಸಿದ ಹೆಸರುಗಳು 19,569. ಅವುಗಳನ್ನು ಪರಿಷ್ಕರಿಸಿ 1,369 ಮಾತೃಭಾಷೆಗಳಾಗಿ ವಿಂಗಡಿಸಬೇಕಾಯಿತು. ಬಾಲ್ಯದಲ್ಲಿ ತಾಯಿಯು ಮಗುವಿನೊಡನೆ ಆಡಿದ ಭಾಷೆಯೇ ಮಾತೃಭಾಷೆಯೆಂಬುದು ಗಣತಿಯ ಅರ್ಥವಿವರಣೆ. ತಮಿಳನ್ನು ನಾವು ಕಲಿತು ಪ್ರೀತಿಸಬೇಕು. ಅದು ನಮ್ಮನ್ನು ಪೊರೆದ ನೆಲದ ಭಾಷೆ. ತಿಳಿದಿರುವ ಇತರ ಭಾಷೆಗಳಿಗೆ ಪಟ್ಟಿಯಲ್ಲಿ ಬೇರೆ ಅಂಕಣವೇ ಇದೆ. ತಾಯಿಯ ಭಾಷೆಯನ್ನು ತಾಯಿಯ ಅಂಕಣದಲ್ಲಿ ಬರೆಯಿಸುವುದರಿಂದ ಯಾರಿಗೂ ಕುಂದಿಲ್ಲ.

ಶಾಲೆಗಳ ಅಂಕಿಗಳೂ ಹೀಗೆಯೇ. ದೇಶದ ಪ್ರತಿಯೊಂದು ಶಾಲೆಗೂ ಹನ್ನೊಂದು ಅಂಕಿಗಳ ‘ಯು-ಡೈಸ್’ ಸಂಖ್ಯೆಯಿದೆ. ತಮಿಳುನಾಡಿನಲ್ಲಿ ಪ್ರತಿ ವಿದ್ಯಾರ್ಥಿಗೂ ‘ಎಮಿಸ್’ ಸಂಖ್ಯೆಯಿದೆ. ಯಾವ ಮಾಧ್ಯಮದಲ್ಲಿ ಎಷ್ಟು ಮಕ್ಕಳು ಓದುತ್ತಿದ್ದಾರೆಂಬುದು ಸರಿಯಾಗಿ ದಾಖಲಾದರೆ, ಪುಸ್ತಕಗಳ ಮತ್ತು ಉಪಾಧ್ಯಾಯರ ಬೇಡಿಕೆಗೆ ಆಧಾರವಿರುತ್ತದೆ. ದಾಖಲಾಗದ ಮಗುವಿನ ಪರವಾಗಿ ವಾದಿಸುವುದು ಕಷ್ಟ.

ಅಂಕಿಯ ಮಿತಿಗಳು

ಅಂಕಿಯನ್ನು ಹೊಗಳಿದುದಾಯಿತು, ಅದರ ದೋಷಗಳನ್ನೂ ಹೇಳಬೇಕು. ಮೊದಲನೆಯದು ಸರಾಸರಿಯ ಮೋಸ. ಹತ್ತು ಊರುಗಳಿವೆಯೆಂದು ಭಾವಿಸಿರಿ. ಒಂಬತ್ತು ಊರುಗಳಿಗೆ ಆಸ್ಪತ್ರೆಯು 2 ಕಿಲೋಮೀಟರ್ ದೂರ. ಬೆಟ್ಟದ ಮೇಲಿನ ಹತ್ತನೆಯ ಊರಿಗೆ 22 ಕಿಲೋಮೀಟರ್. ಸರಾಸರಿ 4 ಕಿಲೋಮೀಟರ್. ವರದಿಯಲ್ಲಿ ಎಲ್ಲವೂ ಕ್ಷೇಮವಾಗಿದೆ. ಆದರೆ ಹತ್ತನೆಯ ಊರಿನ ಬಸುರಿಯನ್ನು ಡೋಲಿಯಲ್ಲಿ ಹೊತ್ತು ಇಳಿಸುವವರಿಗೆ ಆ ಸರಾಸರಿಯಿಂದ ಏನು ಪ್ರಯೋಜನ? ನಕ್ಷೆಯ ಮೇಲೆ ಹತ್ತಿರವಾದುದು ಕಾಲುದಾರಿಯಲ್ಲಿ ದೂರವಾಗಿರುವುದೂ ಉಂಟು.

ಎರಡನೆಯದು, ಯಂತ್ರವು ಗುರುತಿಸದ ಮನುಷ್ಯ. ಜೀವಮಾನವೆಲ್ಲ ಮಣ್ಣು ಕಲ್ಲುಗಳಲ್ಲಿ ದುಡಿದು ಬೆರಳ ರೇಖೆಗಳು ಸವೆದ ಮುದುಕನ ಬೆರಳಚ್ಚನ್ನು ಯಂತ್ರವು ಒಪ್ಪದಿರುವುದುಂಟು. ಆತನು ಎದುರಿಗೆ ನಿಂತಿದ್ದರೂ ಲೆಕ್ಕದಲ್ಲಿ ಇಲ್ಲ. ಇಂಥ ಸಂದರ್ಭದಲ್ಲಿ ಯಂತ್ರಕ್ಕಿಂತ ಮನುಷ್ಯನ ಮಾತಿಗೆ ಬೆಲೆ ಕೊಡುವ ದಾರಿಯನ್ನು ಪ್ರತಿಯೊಂದು ಯೋಜನೆಯೂ ತೆರೆದಿಟ್ಟಿರಬೇಕು.

ಮೂರನೆಯದು ಗೋಪ್ಯತೆ. ನಮ್ಮ ರೋಗ, ಆದಾಯ, ಕುಟುಂಬಗಳ ವಿವರವು ತಪ್ಪು ಕೈಗಳಿಗೆ ಸಿಕ್ಕಿದರೆ ಕೇಡು ತಪ್ಪಿದ್ದಲ್ಲ. ಈ ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾನೂನೂ ಬಂದಿತು. ಜನಗಣತಿಯಲ್ಲಿ ಕೊಟ್ಟ ಉತ್ತರಗಳನ್ನಂತೂ 1948ರ ಕಾನೂನು ಗುಟ್ಟಾಗಿ ಕಾಯುತ್ತದೆ. ಆ ಬರಹವನ್ನು ಪರರು ನೋಡುವಂತಿಲ್ಲ, ಸಾಕ್ಷ್ಯವಾಗಿ ಬಳಸುವಂತಿಲ್ಲ.

ನಮ್ಮ ಕರ್ತವ್ಯ

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಕೋವಿಡ್ ರೋಗದ ಕಾರಣದಿಂದ ಮುಂದೆ ಹೋಯಿತು. ಮುಂದಿನ ಗಣತಿಗೆ ದೇಶದ ಬಹುಭಾಗದಲ್ಲಿ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಕೇಂದ್ರ ಸರಕಾರವು 2025ರ ಜೂನ್ 16ರಂದು ಪ್ರಕಟಿಸಿತು. ಗಣತಿಯಿರಲಿ, ಆರೋಗ್ಯದ ಸಮೀಕ್ಷೆಯಿರಲಿ, ಶಾಲೆಯ ಅರ್ಜಿಯಿರಲಿ, ಪೋಷಕರು ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ಮನೆಯಲ್ಲಿ ಹುಟ್ಟು ಸಾವುಗಳಾದರೆ 21 ದಿನಗಳೊಳಗೆ ದಾಖಲು ಮಾಡಿಸಬೇಕು. ಮಗುವಿನ ಹೆಸರು, ಹುಟ್ಟಿದ ತಾರೀಖುಗಳನ್ನು ಎಲ್ಲ ಪತ್ರಗಳಲ್ಲಿಯೂ ಒಂದೇ ರೀತಿಯಾಗಿ ಬರೆಯಿಸಬೇಕು. ಪ್ರಶ್ನೆ ಕೇಳಲು ಬಂದವರ ಗುರುತಿನ ಚೀಟಿಯನ್ನು ನೋಡಿ, ಬಳಿಕ ಸತ್ಯವನ್ನು ಹೇಳಬೇಕು. ಮನೆಯ ಮುದುಕಿಯನ್ನೂ ತೊಟ್ಟಿಲ ಕೂಸನ್ನೂ ಅಂಗವಿಕಲರನ್ನೂ ಲೆಕ್ಕದಿಂದ ಬಿಡಬಾರದು. ಸೇವೆಯು ಮೊದಲು ಬೇಕಾಗಿರುವುದು ಅವರಿಗೇ.

ವಿದ್ಯಾರ್ಥಿಗಳಿಗೆ ಒಂದು ಮಾತು. ಓದು ಬಾರದ ಹಿರಿಯರಿರುವ ಮನೆಯಲ್ಲಿ ಅರ್ಜಿಯನ್ನು ಓದಿ ತುಂಬುವವರು ನೀವೇ ಆಗಿರುತ್ತೀರಿ. ನೀವು ಬರೆದ ಅಂಕಿಯು ಊರಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ರಾಜಧಾನಿಗೆ ಹೋಗಿ, ಒಂದು ದಿನ ರಸ್ತೆಯಾಗಿಯೋ ಪುಸ್ತಕವಾಗಿಯೋ ಔಷಧವಾಗಿಯೋ ನಿಮ್ಮೂರಿಗೆ ಹಿಂದಿರುಗಬೇಕು. ಸುಳ್ಳು ಅಂಕಿಯು ಹಿಂದಿರುಗುವ ದಾರಿಯನ್ನು ತಪ್ಪುತ್ತದೆ. ನಾಳೆ ನಿಮ್ಮಲ್ಲಿ ಕೆಲವರು ಅಧಿಕಾರಿಗಳಾಗಿ ಆ ಅಂಕಿಗಳನ್ನು ಓದುವ ಸ್ಥಾನದಲ್ಲಿಯೂ ಕುಳಿತೀರಿ. ಆಗ ಪ್ರತಿಯೊಂದು ಅಂಕಿಯ ಹಿಂದೆ ಒಂದು ಮನೆಯಿದೆ, ಆ ಮನೆಯಲ್ಲಿ ಕಾಯುತ್ತಿರುವವರಿದ್ದಾರೆ ಎಂಬುದನ್ನು ನೆನಪಿನಲ್ಲಿಡಿರಿ. ಗಣಿತದಲ್ಲಿ ಚುರುಕೂ ಮನಸ್ಸಿನಲ್ಲಿ ಕನಿಕರವೂ ಉಳ್ಳ ಅಂಥ ಸೇವಕರು ನಮ್ಮ ಮಕ್ಕಳಲ್ಲಿ ಹುಟ್ಟಿಬರಲೆಂದು ಹಾರೈಸುತ್ತೇನೆ.